ಬರಿಗಾಲಿನ ಅಹ್ಮದ್ ಖಾನ್

ಮಂಡ್ಯ, ಮದ್ದೂರು, ಮಳವಳ್ಳಿಯ ಶಾಲಾ ಮೈದಾನಗಳಲ್ಲಿ ಕಬಡ್ಡಿ, ವಾಲಿಬಾಲ್, ಕ್ರಿಕೆಟ್ ಕಂಡಷ್ಟು ಸುಲಭವಾಗಿ ಫುಟ್‌ಬಾಲ್ ಕಾಣಸಿಗದು. ಆದರೆ ಮಂಡ್ಯದಿಂದ ನೂರು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಒಂದು ಕಾಲಕ್ಕೆ ಈ ಆಟದ ಹುಚ್ಚು ಜೋರಾಗಿತ್ತು. ಅಲ್ಲಿನ ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಅಲ್ಲಿಯತನಕ ಆ ಕಪ್ ಬ್ರಿಟಿಷ್ ಸೈನಿಕ ತಂಡಗಳ ಸ್ವತ್ತಿನಂತಿತ್ತು. ಇಂಥ ಊರಿನಲ್ಲಿ 1926ರ ಡಿಸೆಂಬರಿನಲ್ಲಿ ಹುಟ್ಟಿದವರು ಅಹ್ಮದ್ ಖಾನ್.

ಆಗಿನ ಭಾರತೀಯ ಆಟಗಾರರಲ್ಲಿ ಹೆಚ್ಚಿನವರು ಬೂಟು ತೊಡುತ್ತಿರಲಿಲ್ಲ. ಬಡತನ ಮಾತ್ರವೇ ಇದಕ್ಕೆ ಕಾರಣವಲ್ಲ. ಬರಿಗಾಲಿಗೆ ಚೆಂಡಿನ ಚಲನೆ ಚೆನ್ನಾಗಿ ತಿಳಿಯುತ್ತದೆ. ಬೆರಳಿನಿಂದ ಅದನ್ನು ತಡೆದು ತಿರುಗಿಸುವುದು ಸುಲಭ. ಎದುರಾಳಿಗಳ ನಡುವೆ ಚೆಂಡನ್ನು ನುಸುಳಿಸಿ ಒಯ್ಯುತ್ತಿದ್ದ ಅಹ್ಮದ್ ಖಾನರನ್ನು ಜನ 'ಹಾವಾಡಿಗ' ಎಂದೇ ಕರೆದರು.

1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ತಂಡವನ್ನು ಎದುರಿಸಿತು. ಸ್ವತಂತ್ರ ಭಾರತಕ್ಕಿನ್ನೂ ವರ್ಷ ತುಂಬಿರಲಿಲ್ಲ. ಹೆಚ್ಚಿನವರು ಬರಿಗಾಲಿನಲ್ಲೇ ಆಡಿದ ಆ ತಂಡದಲ್ಲಿ ಅಹ್ಮದ್ ಖಾನ್ ಇದ್ದರು. ಭಾರತದ ಏಕೈಕ ಗೋಲು ಹೊಡೆದದ್ದು ಬೆಂಗಳೂರಿನವರೇ ಆದ ಎಸ್. ರಾಮನ್. ಎರಡು ಪೆನಾಲ್ಟಿ ಕೈತಪ್ಪಿದವು. 89ನೇ ನಿಮಿಷದಲ್ಲಿ ಫ್ರಾನ್ಸ್ ಗೆಲುವಿನ ಗೋಲು ಗಳಿಸಿತು. ಆಗ ನಮ್ಮಲ್ಲಿ ಪಂದ್ಯಗಳು ನಡೆಯುತ್ತಿದ್ದುದು 70 ನಿಮಿಷ ಮಾತ್ರ! ಮನೆಯಂಗಳದ ಅಭ್ಯಾಸವೇ ಹೊರಗೆ ಮುಳುವಾಯಿತೆ ಎಂದು ಯೋಚಿಸುವಂತಾಗುತ್ತದೆ.

1949ರಲ್ಲಿ ಅಹ್ಮದ್ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಆ ದಿನಗಳಲ್ಲಿ ತಂಡಗಳು ಮುಂಚೂಣಿಯಲ್ಲಿ ಐವರನ್ನು ಆಡಿಸುತ್ತಿದ್ದವು. ಈಸ್ಟ್ ಬೆಂಗಾಲ್‌ನಲ್ಲಿ ಬಲ ಅಂಚಿನಲ್ಲಿ ವೆಂಕಟೇಶ್, ಒಳಬದಿಯಲ್ಲಿ ಅಪ್ಪಾರಾವ್, ನಡುವೆ ಧನರಾಜ್, ಎಡ ಒಳಬದಿಯಲ್ಲಿ ಅಹ್ಮದ್ ಖಾನ್, ಎಡ ಅಂಚಿನಲ್ಲಿ ಸಾಲೆ. ಐವರೂ ದಕ್ಷಿಣದವರು. ಬಂಗಾಳಿಗಳು ಇವರಿಗೆ 'ಪಂಚ ಪಾಂಡವರು' ಎಂದು ಹೆಸರಿಟ್ಟರು. ತಂಡ 1949ರಿಂದ 1951ರವರೆಗೆ ಸತತ ಮೂರು ಸಲ ಐಎಫ್‌ಎ ಶೀಲ್ಡ್, 1951 ಮತ್ತು 1952ರಲ್ಲಿ ಡುರಾಂಡ್ ಕಪ್ ಗೆದ್ದಿತು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನ್ ವಿರುದ್ಧ 1-0ರಿಂದ ಗೆದ್ದು ಚಿನ್ನ ಪಡೆದ ಭಾರತ ತಂಡದಲ್ಲೂ ಅಹ್ಮದ್ ಖಾನ್ ಇದ್ದರು.

ಮರುವರ್ಷವೇ ಬರಿಗಾಲಿನ ಮಿತಿ ಬಯಲಾಯಿತು. ಹೆಲ್ಸಿಂಕಿ ಒಲಿಂಪಿಕ್ಸ್‌ನ ಚಳಿಯಲ್ಲಿ ಯುಗೊಸ್ಲಾವಿಯಾ 10-1ರಿಂದ ಭಾರತವನ್ನು ಸೋಲಿಸಿತು. ಆ ಒಂದು ಗೋಲು ಅಹ್ಮದ್ ಖಾನರದು. ಅನಂತರ ದೇಶದ ಆಟಗಾರರಿಗೆ ಬೂಟು ಕಡ್ಡಾಯವಾಯಿತು. ಬೆರಳಿನಿಂದ ಕಲಿತ ಕೌಶಲವನ್ನು ಚರ್ಮದೊಳಗೆ ಅಡಗಿಸುವ ಕಷ್ಟ ಆ ಪೀಳಿಗೆಯ ಪಾಲಿಗೆ ಬಂತು.

ಹತ್ತು ವರ್ಷ ಈಸ್ಟ್ ಬೆಂಗಾಲ್ ಪರ ಆಡಿ, 1959ರಲ್ಲಿ ಅವರು ಆಟ ನಿಲ್ಲಿಸಿದರು. ಮರಳಿ ಬಂದದ್ದು ಬೆಂಗಳೂರಿಗೇ. 2017ರ ಆಗಸ್ಟ್ 27ರಂದು, 90ನೇ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡರು. ಕಲ್ಕತ್ತೆಯ ಫುಟ್‌ಬಾಲ್ ಪ್ರಿಯರು ಪಾಂಡವರ ಕತೆಯನ್ನು ಮಕ್ಕಳು ಮೊಮ್ಮಕ್ಕಳಿಗೆ ಹೇಳುತ್ತಾರೆ. ಅವರನ್ನು ಹೆತ್ತ ನಾಡಿನಲ್ಲಿ ಆ ಹೆಸರು ಬಲ್ಲವರೆಷ್ಟು ಮಂದಿ? ನಮ್ಮ ಶಾಲಾ ಮೈದಾನದಲ್ಲಿ ಬರಿಗಾಲಿನಲ್ಲಿ ಚೆಂಡು ಒದೆಯುವ ಹುಡುಗನಿಗಾದರೂ ಆ ಕತೆ ತಿಳಿದಿರಬೇಕು.