ನಮ್ಮ ಪ್ರಾಥಮಿಕ ಪಾಠಶಾಲೆಯ ಸಂಘಜೀವನವೂ ಬರುವ ವರ್ಷದ ಕಾರ್ಯಗಳೂ

ಈ ಸ್ಮರಣ ಸಂಚಿಕೆಯಲ್ಲಿ ನಮ್ಮ ಬಾಲಿಕಾ ಪ್ರೌಢಶಾಲೆಯ ವಿಷಯವಾಗಿ ಬೇರೆ ಲೇಖನಗಳು ಇರುವ ಕಾರಣ, ಅದೇ ಆವರಣದೊಳಗೆ ನಡೆಯುತ್ತಿರುವ ಕಥೋಲಿಕ ಪ್ರಾಥಮಿಕ ಪಾಠಶಾಲೆಯನ್ನು ಕುರಿತು ನಾವು ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳಲು ಅಪೇಕ್ಷಿಸುತ್ತೇವೆ. ಪ್ರೌಢಶಾಲೆಗೆ ಬರುವ ಬಾಲಿಕೆಯರಲ್ಲಿ ಬಹುಮಂದಿ ಆ ಪಾಠಶಾಲೆಯಿಂದಲೇ ಬರುವವರು. ಬೇರು ಅಲ್ಲಿ, ಕೊಂಬೆ ಇಲ್ಲಿ. ಬೇರಿಗೆ ನೀರು ಮುಟ್ಟುತ್ತಿದೆಯೇ ಎಂದು ನೋಡದೆ ಕೊಂಬೆಯ ಹಣ್ಣುಗಳನ್ನು ಎಣಿಸುತ್ತ ಕುಳಿತುಕೊಳ್ಳುವುದು ವಿವೇಕವಲ್ಲ.

ಕಳೆದ ವರ್ಷದ ಪೋಷಕರ ಸಭೆಯಲ್ಲಿ ಒಬ್ಬ ತಂದೆಯವರು ಎದ್ದು ನಿಂತು, "ಟೀಚರಮ್ಮಾ, ಹಬ್ಬ ಅಂತೀರಿ, ತಾಯಂದಿರ ಸಭೆ ಅಂತೀರಿ, ಮನೆ ನೋಡೋಕೆ ಬರ್ತೀವಿ ಅಂತೀರಿ, ಇವೆಲ್ಲ ಬಿಟ್ಟು ಪಾಠ ಹೇಳಿದರೆ ಸಾಲದೇನ್ರೀ?" ಎಂದು ಕೇಳಿದರು. ಪ್ರಶ್ನೆಯು ನ್ಯಾಯವಾದುದೇ. ಅಂದು ಸಮಯ ಸಾಲದೆ ನಾವು ಅರ್ಧ ಉತ್ತರವನ್ನು ಮಾತ್ರ ಕೊಟ್ಟೆವು. ಉಳಿದರ್ಧವನ್ನು ಇಲ್ಲಿ ಕೊಡುತ್ತೇವೆ. ಪಾಠವನ್ನು ಹೇಳುವುದಕ್ಕೆ ಮೊದಲು ಮಗುವು ಪಾಠಶಾಲೆಯಲ್ಲಿ ಇರಬೇಕು. ಈ ಸೀಮೆಯಲ್ಲಿ ಮಗುವನ್ನು, ಅದರಲ್ಲಿಯೂ ಹೆಣ್ಣುಮಗುವನ್ನು, ಪಾಠಶಾಲೆಯಲ್ಲಿ ಇರಿಸಿಕೊಳ್ಳುವುದೇ ಅರ್ಧ ವಿದ್ಯೆ. ನಮ್ಮ ಹಬ್ಬಗಳೂ ಸಭೆಗಳೂ ಅಲಂಕಾರಕ್ಕಾಗಿ ಇರುವುವಲ್ಲ. ಆ ಕಾರ್ಯಕ್ಕಾಗಿಯೇ ಇರುವುವು.

ಹಾಜರಿ ಪುಸ್ತಕವನ್ನು ಹಲವು ವರ್ಷ ತಿರುವಿ ನೋಡಿದವರಿಗೆ ಒಂದು ಸಂಗತಿ ತಿಳಿಯುತ್ತದೆ. ಕಾಲುವೆಯ ನೀರು ಹೇಗೋ ಹಾಜರಿಯೂ ಹಾಗೆ. ವಿಜಯನಗರದ ಅರಸರು ತೋಡಿಸಿದ ಕಾಲುವೆಗಳು ಇಂದಿಗೂ ಹೊಸಪೇಟೆ, ಕಮಲಾಪುರ, ಹಂಪಿಗಳ ಬಾಳೆ, ಕಬ್ಬು, ಭತ್ತಗಳಿಗೆ ನೀರುಣಿಸುತ್ತಿವೆ. 1953ರಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಬಿಡಲಾರಂಭಿಸಿದ ಮೇಲೆ ಕಂಪ್ಲಿಯ ಕಡೆಯ ಗದ್ದೆಗಳೂ ವಿಸ್ತಾರವಾದುವು. ಕಾಲುವೆಗೆ ನೀರು ಬಂದಿತೆಂದರೆ ನಾಟಿಯ ಕೆಲಸ ಆರಂಭವಾಗುತ್ತದೆ. ತಾಯಿಯು ಗದ್ದೆಗೆ ಹೊರಡುತ್ತಾಳೆ. ಒಂಬತ್ತು ವರ್ಷದ ಹುಡುಗಿಯು ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಮನೆಯಲ್ಲಿ ಉಳಿಯುತ್ತಾಳೆ. ನೀರು ಬಾರದೆ ಹೋದರೆ ಇನ್ನೂ ಕಷ್ಟ. ಕುಟುಂಬವೆಲ್ಲವೂ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೊರಡುತ್ತದೆ.

2024ನೆಯ ಆಗಸ್ಟ್ 10ರ ರಾತ್ರಿ ಜಲಾಶಯದ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋದುದನ್ನು ನೀವು ಮರೆತಿರಲಾರಿರಿ. ಸುಮಾರು ಒಂದು ವಾರದಲ್ಲಿ, ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟನ್ನು ಇಳಿಸಿ ಪ್ರವಾಹವನ್ನು ತಡೆದರು. ಆ ವಾರ ನಮ್ಮ ಬಾಗಿಲಲ್ಲಿ ನಿಂತ ತಾಯಂದಿರು ಮಕ್ಕಳ ಅಂಕಗಳನ್ನು ಕೇಳಲಿಲ್ಲ; "ಎರಡನೇ ಬೆಳೆಗೆ ನೀರಿರತ್ತೇನಮ್ಮಾ? ಇಲ್ಲದಿದ್ದರೆ ನಾವು ಊರು ಬಿಡಬೇಕಾಗುತ್ತದೆ" ಎಂದು ಕೇಳಿದರು. ಇದಕ್ಕೆ ಮುಂಚೆ, 2011ರ ಜುಲೈ ತಿಂಗಳಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗಲೂ ಸಂಡೂರಿನ ಗಣಿಗಳನ್ನೂ ಲಾರಿಗಳನ್ನೂ ನಂಬಿದ್ದ ಸಂಸಾರಗಳು ಕೆಲಸವಿಲ್ಲದೆ ಚದುರಿಹೋದುವು. ಆ ತೀರ್ಪಿನ ಅವಶ್ಯಕತೆಯನ್ನು ನಾವು ಅಲ್ಲಗಳೆಯುವುದಿಲ್ಲ. ದೊಡ್ಡವರ ಕೆಲಸ ಕದಲಿದರೆ ಮೊದಲು ಖಾಲಿಯಾಗುವುದು ಮಗುವಿನ ಮಣೆ ಎಂಬುದನ್ನು ಮಾತ್ರ ಹೇಳುತ್ತೇವೆ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಏಳನೆಯ ತರಗತಿಯಲ್ಲಿ ಓದಿನಲ್ಲಿ ಬಹು ಚುರುಕಾದ ಒಬ್ಬ ಬಾಲಿಕೆ ಇದ್ದಳು. ಸಂಕ್ರಾಂತಿಯ ನಂತರ ಅವಳು ಬರಲಿಲ್ಲ. ನಾವು ದಿನವೂ ಹೆಸರನ್ನು ಕೂಗಿದೆವು, ಗೈರುಹಾಜರಿಯೆಂದು ಗುರುತು ಹಾಕಿದೆವು, ಪುಟವನ್ನು ತಿರುವಿದೆವು. ಪರೀಕ್ಷೆಯ ಗಡಿಬಿಡಿಯಲ್ಲಿ ಯಾರೂ ಅವಳ ಮನೆಗೆ ಹೋಗಲಿಲ್ಲ. ಎರಡು ವರ್ಷಗಳಾದ ಮೇಲೆ, ಸಂತೆಯಲ್ಲಿ ಸಿಕ್ಕಿದ ಅವಳ ಚಿಕ್ಕಮ್ಮನಿಂದ, ಅವಳಿಗೆ ಮದುವೆಯಾಯಿತೆಂದು ತಿಳಿಯಿತು. ಆಗ ಅವಳಿಗೆ ಹದಿನೈದೂ ತುಂಬಿರಲಿಲ್ಲ. ಪುಸ್ತಕದಲ್ಲಿ ನಮ್ಮ ಗುರುತುಗಳೆಲ್ಲ ಸರಿಯಾಗಿಯೇ ಇದ್ದುವು, ತಪ್ಪಿಹೋದವಳು ಮಗು. ಕಳೆದುಹೋದ ಒಂದು ಕುರಿಗಾಗಿ ತೊಂಬತ್ತೊಂಬತ್ತನ್ನು ಬಿಟ್ಟು ಹೋದ ಕುರುಬನ ಸಾಮತಿಯನ್ನು ಪ್ರತಿ ವರ್ಷವೂ ಹೇಳಿಕೊಡುವ ನಾವು, ಆ ವರ್ಷ ಅದನ್ನು ಮಾಡಲಿಲ್ಲ. ಈಗ ನಡೆಯುತ್ತಿರುವ ಕಾರ್ಯಗಳೆಲ್ಲ ಅಂದಿನಿಂದ ಬಂದುವೆಂದು ಹೇಳಿದರೆ ತಪ್ಪಾಗದು.

ಸಂಘಜೀವನವೆಂಬ ಮಾತನ್ನೂ ಸ್ವಲ್ಪ ವಿವರಿಸಬೇಕು. ಈ ಸೀಮೆಗೆ ಕ್ರೈಸ್ತ ಶಿಕ್ಷಣವು ಹೊಸದಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿಯೇ ಬಳ್ಳಾರಿಗೆ ಬಂದು ಕನ್ನಡವನ್ನು ಕಲಿತು ಬೈಬಲನ್ನು ಕನ್ನಡಕ್ಕೆ ತಂದರು. ಬಳ್ಳಾರಿಯು ಕಥೋಲಿಕ ಧರ್ಮಪ್ರಾಂತವಾದುದು 1949ರಲ್ಲಿ. ಆದರೂ ಇಲ್ಲಿ ಕ್ರೈಸ್ತರ ಸಂಖ್ಯೆ ಸ್ವಲ್ಪವೇ. ನಮ್ಮ ಪ್ರಾಥಮಿಕ ಪಾಠಶಾಲೆಯ ಮಕ್ಕಳಲ್ಲಿ ಹೆಚ್ಚು ಮಂದಿ ಹಿಂದೂಗಳು, ಮುಸಲ್ಮಾನರೂ ಅನೇಕರಿದ್ದಾರೆ. ಆದಕಾರಣ ನಮ್ಮ ಸಂಘವು ಒಂದೇ ಮತದ ಮೇಲೆ ನಿಲ್ಲತಕ್ಕದ್ದಲ್ಲ. ಒಂದೇ ಕೆಲಸದ ಮೇಲೆ, ಒಂದೇ ಪಂಕ್ತಿಯ ಮೇಲೆ ನಿಲ್ಲಬೇಕು.

ಪಂಕ್ತಿಯೆಂದುದು ಬರಿಯ ಮಾತಿಗಲ್ಲ. ಸರ್ಕಾರದ ಮಧ್ಯಾಹ್ನದ ಊಟವು, ಅಕ್ಷರ ದಾಸೋಹವೆಂಬ ಹೆಸರಿನಿಂದ, 2002ರಲ್ಲಿ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ಅಂದಿನ ಬಳ್ಳಾರಿ ಜಿಲ್ಲೆಯೂ ಒಂದು. ನಮ್ಮಲ್ಲಿ ಮಕ್ಕಳು ಬಂದ ಕ್ರಮದಲ್ಲಿಯೇ ಕುಳಿತುಕೊಳ್ಳುತ್ತಾರೆ. ಗೆಳತಿಯರ ಗುಂಪು, ಕೇರಿಯ ಗುಂಪು ಎಂಬ ಭೇದವಿಲ್ಲ. ಉಪಾಧ್ಯಾಯಿನಿಯರೂ ಸರದಿಯಂತೆ ಅದೇ ಪಂಕ್ತಿಯಲ್ಲಿ ಊಟಮಾಡುತ್ತಾರೆ. ಸಂಡೂರಿನ ಅರಸರು 1932ರಲ್ಲಿ ಕುಮಾರಸ್ವಾಮಿಯ ದೇವಾಲಯವನ್ನು, ಅಸ್ಪೃಶ್ಯರೆಂದು ಹೊರಗಿಡಲ್ಪಟ್ಟಿದ್ದ ಜನರಿಗೆ ತೆರೆದುಕೊಟ್ಟರು. ಅಂಥ ನೆರೆಯಲ್ಲಿರುವ ನಾವು ಊಟದ ಮನೆಯಲ್ಲಿ ಹಿಂದೆ ಬೀಳಬಾರದಷ್ಟೆ. ಇನ್ನೊಂದು ಉಪಯೋಗವೂ ಉಂಟು. ಯಾವ ಮಗು ಮೂರು ದಿನ ಬರಲಿಲ್ಲವೆಂಬುದನ್ನು ನಮಗಿಂತ ಮೊದಲು ತಿಳಿದುಕೊಳ್ಳುವವರು ಅಡುಗೆಯಮ್ಮನವರು. ಈಗ ಅವರ ಮಾತನ್ನು ನಾವು ಪ್ರತಿ ಶುಕ್ರವಾರ ಬರೆದಿಟ್ಟುಕೊಳ್ಳುತ್ತೇವೆ.

ಇನ್ನು ಬರುವ ವರ್ಷದ ಕಾರ್ಯಗಳನ್ನು ಕ್ರಮವಾಗಿ ತಿಳಿಸುತ್ತೇವೆ.

ಮೊದಲನೆಯದು, ಮನೆಗಳ ಭೇಟಿ. ಮೇ ತಿಂಗಳ ಮೂರನೆಯ ವಾರದಿಂದ, ಪಾಠಶಾಲೆಯ ಬಾಗಿಲು ತೆರೆಯುವುದಕ್ಕೆ ಮುಂಚೆ, ಇಬ್ಬಿಬ್ಬರು ಉಪಾಧ್ಯಾಯಿನಿಯರು ಒಂದೊಂದು ಕೇರಿಗೆ ಹೋಗುವರು. ಉಪದೇಶ ಮಾಡುವುದಕ್ಕಲ್ಲ, ಈ ವರ್ಷ ಯಾರು ಊರಲ್ಲಿರುತ್ತಾರೆ, ಯಾರು ಹೊರಡುತ್ತಾರೆ, ಹೊರಟರೆ ಮಗುವನ್ನು ಅಜ್ಜಿಯ ಬಳಿ ಬಿಡಲಾದೀತೇ ಎಂದು ವಿಚಾರಿಸುವುದಕ್ಕೆ. ದಯವಿಟ್ಟು ಚಾಪೆ, ಚಹಾ ಎಂದು ತೊಂದರೆ ತೆಗೆದುಕೊಳ್ಳಬೇಡಿರಿ.

ಎರಡನೆಯದು, ನಾಟಿಯ ಕಾಲದ ಕೂಸಿನ ಕೋಣೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಹಳೆಯ ಹೊಲಿಗೆಯ ಕೋಣೆಯನ್ನು ಎಳೆಯ ಕೂಸುಗಳಿಗಾಗಿ ಬಿಟ್ಟುಕೊಡುತ್ತೇವೆ. ಅಕ್ಕನು ತರಗತಿಯಲ್ಲಿ ಕುಳಿತಿರುವಾಗ ತಮ್ಮನು ಅಲ್ಲಿ ತೊಟ್ಟಿಲಲ್ಲಿರಲಿ. ಸರದಿಯ ಮೇಲೆ ನೋಡಿಕೊಳ್ಳಲು ಇಬ್ಬರು ಅಜ್ಜಿಯರು ಈಗಾಗಲೇ ಒಪ್ಪಿದ್ದಾರೆ. ಇನ್ನೂ ನಾಲ್ವರು ಬೇಕು.

ಮೂರನೆಯದು, ಎರಡು ಹಬ್ಬಗಳು. ಆಗಸ್ಟ್ 15 ಸ್ವಾತಂತ್ರ್ಯದ ದಿನವೂ ಹೌದು, ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬವೂ ಹೌದು. ಬೆಳಿಗ್ಗೆ ಬಲಿಪೂಜೆ ಮುಗಿದ ಕೂಡಲೆ ಧ್ವಜವನ್ನು ಏರಿಸುತ್ತೇವೆ. ಸೆಪ್ಟೆಂಬರ್ 8 ಮರಿಯಮ್ಮನವರ ಜನ್ಮದಿನ. ಕರಾವಳಿಯಲ್ಲಿ ಅಂದು ಹೊಸ ತೆನೆಯನ್ನು ತಂದು ಆಶೀರ್ವದಿಸುವ ವಾಡಿಕೆ ಉಂಟು. ನಮ್ಮ ಕಡೆಯ ಭತ್ತಕ್ಕೆ ಆಗಿನ್ನೂ ತೆನೆ ಬಲಿತಿರುವುದಿಲ್ಲ. ಆದ್ದರಿಂದ ನಮ್ಮ ಮಕ್ಕಳು ಹೂವನ್ನು ತರುತ್ತಾರೆ. ಆ ದಿನವನ್ನು ನಾವು ಹೆಣ್ಣುಮಕ್ಕಳ ದಿನವಾಗಿ ಆಚರಿಸಿ, ತಾಯಂದಿರನ್ನು ಕರೆದು, ಪ್ರತಿಯೊಬ್ಬ ಬಾಲಿಕೆಯ ಎತ್ತರ ತೂಕಗಳನ್ನು ಅಳೆದು ತೋರಿಸುತ್ತೇವೆ. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯಂತೆ ಹದಿನೆಂಟು ತುಂಬದ ಹುಡುಗಿಗೆ ಮದುವೆ ಮಾಡುವುದು ಅಪರಾಧವೆಂಬುದನ್ನೂ, ತೊಂದರೆಯಲ್ಲಿರುವ ಯಾವ ಮಗುವಿಗಾಗಿಯಾದರೂ 1098 ಎಂಬ ಸಂಖ್ಯೆಗೆ ಖರ್ಚಿಲ್ಲದೆ ಫೋನು ಮಾಡಬಹುದೆಂಬುದನ್ನೂ ಅಂದು ತಿಳಿಯಹೇಳುತ್ತೇವೆ.

ನಾಲ್ಕನೆಯದು, ಹಂಪಿಯ ಸಂಚಾರ. ನವೆಂಬರ್ ತಿಂಗಳಲ್ಲಿ ಐದು, ಆರು, ಏಳನೆಯ ತರಗತಿಗಳವರು ಹೋಗುವರು. ಹಂಪಿಯನ್ನು 1986ರಲ್ಲಿ ಯುನೆಸ್ಕೋ ಸಂಸ್ಥೆಯವರು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ಲೋಕದ ಜನರೆಲ್ಲ ಬಂದು ನೋಡುತ್ತಾರೆ. ಆದರೆ ಅಲ್ಲಿ ಎಳನೀರನ್ನೂ ಬಾಳೆಹಣ್ಣನ್ನೂ ಮಾರುವವರ ಮಕ್ಕಳೇ ಕಮಲಾಪುರದ ವಸ್ತುಸಂಗ್ರಹಾಲಯದ ಒಳಗೆ ಕಾಲಿಟ್ಟಿಲ್ಲ. ಈ ಸಲ ಅಲ್ಲಿರುವ ಹಂಪಿಯ ಮಾದರಿಯನ್ನು ಮೊದಲು ನೋಡಿಸಿ, ಬಳಿಕ ವಿರೂಪಾಕ್ಷ ದೇವಾಲಯಕ್ಕೂ ಹೇಮಕೂಟಕ್ಕೂ ಕರೆದುಕೊಂಡು ಹೋಗಿ, ಸಾಯಂಕಾಲ ಕಾಲುವೆಯ ದಂಡೆಯ ಮೇಲೆ ಕುಳ್ಳಿರಿಸಿ ಬುತ್ತಿ ಬಿಚ್ಚುವೆವು. ತನ್ನ ಊರು ಎಂಥದೆಂದು ತಿಳಿದ ಮಗುವಿಗೆ ತನ್ನ ಪಾಠಶಾಲೆಯ ಮೇಲೆಯೂ ಅಭಿಮಾನ ಹುಟ್ಟುತ್ತದೆ.

ಐದನೆಯದು, ಗೋದಲಿಯ ಪೆಟ್ಟಿಗೆ. ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನಕಾಲದ ನಾಲ್ಕು ವಾರಗಳಲ್ಲಿ ಮಕ್ಕಳು ಒಂದೊಂದು ರೂಪಾಯಿ ಉಳಿಸಿ ಪೆಟ್ಟಿಗೆಯಲ್ಲಿ ಹಾಕುತ್ತಾರೆ. ಆ ಹಣವು ಗೋದಲಿಯ ಶೃಂಗಾರಕ್ಕೆ ಹೋಗುವುದಿಲ್ಲ; ದೂರದಿಂದ ಬರುವ ಸಹಪಾಠಿಗಳ ಆಟೋ ಬಾಡಿಗೆಗೆ ಹೋಗುತ್ತದೆ. ಗೋದಲಿಯನ್ನು ಹುಲ್ಲು, ಮಣ್ಣು, ಬಾಳೆಯ ದಿಂಡುಗಳಿಂದ ಮಕ್ಕಳೇ ಮಾಡುತ್ತಾರೆ. ಕಳೆದ ಸಲ ಅದರ ಪಕ್ಕದಲ್ಲಿ ಎತ್ತಿನ ಬದಲು ಎಮ್ಮೆಯು ನಿಂತಿದ್ದುದನ್ನು ನೋಡಿದವರು ಬಲ್ಲರು.

ಆರನೆಯದೂ ಎಲ್ಲಕ್ಕಿಂತ ಮುಖ್ಯವಾದುದೂ, ಏಳರಿಂದ ಎಂಟಕ್ಕೆ ದಾಟುವ ಹೊಳೆ. 2009ರ ಶಿಕ್ಷಣದ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ವಿದ್ಯೆಯನ್ನು ಹಕ್ಕಾಗಿ ಮಾಡಿದೆ. 2014ರಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತರ ವಿದ್ಯಾಸಂಸ್ಥೆಗಳಿಗೆ ಈ ಕಾಯಿದೆಯು ಅನ್ವಯಿಸದೆಂದು ತೀರ್ಪಿತ್ತಿತು. ಆದರೆ ಕಾಯಿದೆಯು ನಮ್ಮನ್ನು ಬಿಟ್ಟ ಮಾತ್ರಕ್ಕೆ ಮಗುವಿನ ಹಕ್ಕನ್ನು ನಾವು ಬಿಡಬಹುದೇ? ಇದಲ್ಲದೆ ಹದಿನಾಲ್ಕು ತುಂಬಿದೊಡನೆ ಕಾಯಿದೆಯ ಕೈ ಸಡಿಲುತ್ತದೆ. ನಮ್ಮ ಹುಡುಗಿಯರು ಪ್ರಾಥಮಿಕ ಪಾಠಶಾಲೆಯನ್ನು ಬಿಟ್ಟು ಪ್ರೌಢಶಾಲೆಯ ಮೆಟ್ಟಿಲನ್ನು ಹತ್ತುವುದೂ, ಮನೆಯಲ್ಲಿ "ಇನ್ನು ಓದಿದ್ದು ಸಾಕು" ಎಂಬ ಮಾತು ಹುಟ್ಟುವುದೂ ಆ ವಯಸ್ಸಿನ ಆಸುಪಾಸಿನಲ್ಲಿಯೇ. ಆದ್ದರಿಂದ ಜನವರಿಯಿಂದ ಏಳನೆಯ ತರಗತಿಯ ಪ್ರತಿಯೊಬ್ಬ ಬಾಲಿಕೆಗೂ ನಮ್ಮ ಒಂಬತ್ತನೆಯ ತರಗತಿಯ ಒಬ್ಬಳನ್ನು ಅಕ್ಕನಾಗಿ ನೇಮಿಸುತ್ತೇವೆ. ವಾರಕ್ಕೊಂದು ದಿನ ತಂಗಿಯು ಅಕ್ಕನೊಡನೆ ಪ್ರೌಢಶಾಲೆಯಲ್ಲಿ ಕುಳಿತು ಹೋಗಲಿ. ಪ್ರಯೋಗಶಾಲೆಯನ್ನು ನೋಡಲಿ, ಗ್ರಂಥಾಲಯದ ಪುಸ್ತಕವನ್ನು ಮುಟ್ಟಲಿ. ಜೂನ್ ತಿಂಗಳಲ್ಲಿ ಎರಡೂ ಪಾಠಶಾಲೆಗಳ ಪಟ್ಟಿಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡುತ್ತೇವೆ. ಒಂದು ಹೆಸರು ಕಡಿಮೆಯಾದರೆ ಅದೇ ವಾರ ಅವಳ ಮನೆಗೆ ಹೋಗುತ್ತೇವೆ.

ಪೋಷಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಊರು ಬಿಡಬೇಕಾಗಿ ಬಂದರೆ ಹೇಳದೆ ಹೋಗಬೇಡಿರಿ. ನಾವು ಬೈಯುವುದಿಲ್ಲ. ಮಗು ಯಾವ ತರಗತಿಯಲ್ಲಿತ್ತು, ಏನನ್ನು ಓದಿತ್ತು ಎಂಬುದನ್ನು ಬರೆದುಕೊಡುತ್ತೇವೆ. ಹೋದ ಊರಿನ ಸರ್ಕಾರಿ ಪಾಠಶಾಲೆಯವರು, ವರ್ಗಾವಣೆ ಪತ್ರ ಬರುವುದು ತಡವಾಯಿತೆಂಬ ಕಾರಣದಿಂದ ಮಗುವನ್ನು ಸೇರಿಸಿಕೊಳ್ಳದೆ ಇರಕೂಡದೆಂದು ಅದೇ ಕಾಯಿದೆಯು ಹೇಳುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿರಿ. ಹಿಂತಿರುಗಿ ಬಂದಾಗ ಗೇಟಿನ ಬಳಿ ಸಂಕೋಚಪಟ್ಟು ನಿಲ್ಲಬೇಡಿರಿ. ಮಗುವನ್ನು ಕೈಹಿಡಿದು ನೇರವಾಗಿ ಒಳಕ್ಕೆ ಕರೆತನ್ನಿರಿ.

ಹಳೆಯ ವಿದ್ಯಾರ್ಥಿನಿಯರಲ್ಲಿ ನಾವು ಮೊದಲು ಬೇಡುವುದು ಹಣವನ್ನಲ್ಲ. ನಿಮ್ಮಲ್ಲಿ ಕೆಲವರು ಇದೇ ಊರಿನಲ್ಲಿ ದಾದಿಯರಾಗಿಯೂ ಗುಮಾಸ್ತೆಯರಾಗಿಯೂ ಗೃಹಿಣಿಯರಾಗಿಯೂ ಇದ್ದೀರಿ, ಕೆಲವರು ಬೆಂಗಳೂರಿನಲ್ಲಿದ್ದೀರಿ. ಊರಿನಲ್ಲಿರುವವರು ಶನಿವಾರ ಪಾಠ ಬಿಟ್ಟ ಮೇಲೆ ಒಂದು ಗಂಟೆ ಬಂದು ಚಿಕ್ಕ ಮಕ್ಕಳಿಗೆ ಕಥೆಯನ್ನು ಓದಿ ಹೇಳಿರಿ. ಬೆಂಗಳೂರಿನಲ್ಲಿರುವವರು, ನಿಮ್ಮ ಬೀದಿಯಲ್ಲಿ ಏಳುತ್ತಿರುವ ಕಟ್ಟಡದ ಮುಂದೆ ನಮ್ಮ ಕಡೆಯ ಮಾತನಾಡುವ ಮಗುವೊಂದು ಮರಳಿನ ಗುಡ್ಡೆಯ ಮೇಲೆ ಆಡುತ್ತಿರುವುದನ್ನು ಕಂಡರೆ, ನಿಂತು ಒಂದು ಮಾತು ಕೇಳಿರಿ: "ಯಾವ ಊರವ್ವಾ ನಿಂದು? ಸಾಲಿಗೆ ಹೋಗ್ತೀಯಾ?" ಆ ಮೇಲೆ ನಮಗೆ ತಿಳಿಸಿರಿ. ಅಂದು ನಮ್ಮ ಬಾಲಿಕೆಯನ್ನು ಹಾಗೆ ಕೇಳುವವರು ಯಾರೂ ಇರಲಿಲ್ಲ.

ಮೇಲೆ ಹೇಳಿದ ತಂದೆಯವರು ಈ ವರ್ಷವೂ ಸಭೆಗೆ ಬರುವರೆಂದು ನಂಬಿದ್ದೇವೆ. ಅವರ ಮಗಳು ಈಗ ಏಳನೆಯ ತರಗತಿಯಲ್ಲಿದ್ದಾಳೆ. ಬರುವ ಜೂನಿನಲ್ಲಿ ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟಾಗ ಅವಳ ಹೆಸರು ಎರಡರಲ್ಲಿಯೂ ಇರಲಿ. ಅವಳ ಸಹಪಾಠಿಗಳೆಲ್ಲರ ಹೆಸರುಗಳೂ ಇರಲಿ. ಚಿಕ್ಕವರನ್ನು ತನ್ನ ಬಳಿಗೆ ಕರೆದ ಪ್ರಭುವು ಈ ಕಾರ್ಯದಲ್ಲಿ ನಮಗೂ ನಿಮಗೂ ಬಲವನ್ನು ಅನುಗ್ರಹಿಸಲೆಂದು ಪ್ರಾರ್ಥಿಸುತ್ತೇವೆ.