ಮೇಷ್ಟ್ರುಗಳು ಮತ್ತೆ ಮಕ್ಕಳಾಗುವ ಏಳು ದಿನ

‘ಎದುರಿಗೆ ನಿಲ್ಲಬೇಡಿ ಸರ್, ಪಕ್ಕಕ್ಕೆ ಬನ್ನಿ.’

ಕೈಯಲ್ಲಿ ಹಗ್ಗ ಹಿಡಿದು ಗಂಟು ಕಲಿಸಲು ಹೊರಟ ಯುವ ಶಿಕ್ಷಕರೊಬ್ಬರಿಗೆ ಹಿರಿಯರು ಹೇಳಿದ ಮಾತಿದು. ಎದುರಿಗೆ ನಿಂತು ತೋರಿಸಿದರೆ ನಮ್ಮ ಬಲ ಕಲಿಯುವವರಿಗೆ ಎಡವಾಗುತ್ತದೆ. ಕಣ್ಣು ಕಂಡದ್ದೇ ಒಂದು, ಕೈ ಮಾಡಬೇಕಾದ್ದೇ ಇನ್ನೊಂದು. ಎರಡು ಸಲ ತಪ್ಪಿದ ಹುಡುಗ ‘ನನಗೆ ಬರೋದಿಲ್ಲ’ ಎಂದು ಹಗ್ಗ ಕೆಳಗಿಟ್ಟುಬಿಡುತ್ತಾನೆ. ಪಕ್ಕದಲ್ಲಿ ನಿಂತರೆ ಇಬ್ಬರ ಬಲಗೈಯೂ ಒಂದೇ ಕಡೆ. ನೋಡಿದ ಹಾಗೇ ಮಾಡಬಹುದು.

ಹೀಗೆ ಹೇಳಿದವರು ಮಲೆನಾಡಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದವರು. ಶಿಬಿರದಲ್ಲಿ ಎಲ್ಲರಿಗೂ ಅವರು ‘ಮೇಷ್ಟ್ರು’. ಅವರ ಕೊರಳಿನ ಚರ್ಮದ ದಾರದಲ್ಲಿ ನಾಲ್ಕು ಪುಟ್ಟ ಮರದ ಮಣಿಗಳಿವೆ. ಸ್ಕೌಟ್ ಲೋಕದಲ್ಲಿ ಎರಡು ಮಣಿ ಇದ್ದರೆ ವುಡ್ ಬ್ಯಾಡ್ಜ್ ಪಡೆದ ನಾಯಕ, ಮೂರಿದ್ದರೆ ಸಹಾಯಕ ತರಬೇತುದಾರ, ನಾಲ್ಕಿದ್ದರೆ ಲೀಡರ್ ಟ್ರೈನರ್, ಅಂದರೆ ಮಕ್ಕಳನ್ನು ಮುನ್ನಡೆಸುವ ದೊಡ್ಡವರನ್ನು ತಯಾರು ಮಾಡುವವರು. ಆ ಮಣಿಗಳ ಕಥೆ ಕೇಳಲೆಂದೇ ನಾನು ದೊಡ್ಡಬಳ್ಳಾಪುರಕ್ಕೆ ಹೋಗಿದ್ದೆ. ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಸಂಸ್ಥೆಯ ರಾಜ್ಯ ತರಬೇತಿ ಕೇಂದ್ರ ಇರುವುದು ಅಲ್ಲಿನ ಡಾ. ಅನಿಬೆಸೆಂಟ್ ಪಾರ್ಕ್‌ನಲ್ಲಿ. ಹುಡುಗರ ದಳ ನಡೆಸುವ ಸ್ಕೌಟ್ ಮಾಸ್ಟರ್ ಮತ್ತು ಹುಡುಗಿಯರ ದಳ ನಡೆಸುವ ಗೈಡ್ ಕ್ಯಾಪ್ಟನ್‌ಗಳ ಏಳು ದಿನದ ಮೂಲ ತರಬೇತಿ ಆಗ ಅಲ್ಲಿ ನಡೆಯುತ್ತಿತ್ತು.

ಸ್ಕೌಟ್, ಗೈಡ್ ಸಮವಸ್ತ್ರ ತೊಟ್ಟು ಸ್ವಾತಂತ್ರ್ಯೋತ್ಸವದಂದು ಸಾಲಾಗಿ ನಡೆಯುವ ಮಕ್ಕಳನ್ನು ನಾವೆಲ್ಲ ನೋಡಿದ್ದೇವೆ. 2022ರ ಡಿಸೆಂಬರ್‌ನಲ್ಲಿ ಮೂಡುಬಿದಿರೆಯಲ್ಲಿ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ, ಅಂದರೆ ಸ್ಕೌಟ್ ಮಕ್ಕಳ ಮೇಳ, ನಡೆದಾಗ ಸಾವಿರಾರು ಮಕ್ಕಳನ್ನು ಒಟ್ಟಿಗೆ ಕಂಡು ಬೆರಗಾಗಿದ್ದೇವೆ. ಆ ಮಕ್ಕಳ ಹಿಂದೆ ನಿಂತ ದೊಡ್ಡವರು ಎಲ್ಲಿ, ಹೇಗೆ ತಯಾರಾಗುತ್ತಾರೆ ಎಂದು ಕೇಳಿದವರು ಕಡಿಮೆ.

ಹೆಡ್‌ಮಾಸ್ಟರು ಪಾತ್ರೆ ತೊಳೆದ ಸಂಜೆ

ಶಿಬಿರಕ್ಕೆ ಬಂದವರನ್ನು ಮೊದಲ ದಿನವೇ ಆರೆಂಟು ಜನರ ‘ಪ್ಯಾಟ್ರೋಲ್’ ಎಂಬ ತಂಡಗಳಾಗಿ ಹಂಚುತ್ತಾರೆ. ಗಂಡಸರ ತಂಡಗಳಿಗೆ ಪ್ರಾಣಿ ಪಕ್ಷಿಗಳ ಹೆಸರು, ಹೆಂಗಸರ ತಂಡಗಳಿಗೆ ಹೂವಿನ ಹೆಸರು. ಆ ಕ್ಷಣದಿಂದ ಯಾರೂ ಹೆಡ್‌ಮಾಸ್ಟರಲ್ಲ, ಯಾರೂ ಪಿ.ಇ. ಟೀಚರಲ್ಲ, ಎಲ್ಲರೂ ಹುಲಿ, ಆನೆ, ಕಮಲ, ಮಲ್ಲಿಗೆ. ನಾಯಕತ್ವ ದಿನಕ್ಕೊಬ್ಬರದು. ಅಡುಗೆಗೆ ನೀರು ತರುವವರು, ಸೌದೆ ನೋಡುವವರು, ಪಾತ್ರೆ ತೊಳೆಯುವವರು ಎಂದು ಕೆಲಸದ ಪಾಳಿ ಬರೆದು ತೂಗುಹಾಕುತ್ತಾರೆ.

ನಾನು ಹೋದ ದಿನ ಆನೆ ತಂಡದ ನಾಯಕನಿಗೆ ಇರಬೇಕಾದ ಗಾಂಭೀರ್ಯದಿಂದ ಪಟ್ಟಿ ಓದುತ್ತಿದ್ದವನು ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗದ ಪ್ರಾಥಮಿಕ ಶಾಲೆಯ ತರುಣ. ಅವನ ತಂಡದಲ್ಲಿ ಐವತ್ತೈದರ ಆಸುಪಾಸಿನ ಮುಖ್ಯೋಪಾಧ್ಯಾಯರೊಬ್ಬರಿದ್ದರು. ಅಂದು ಸಂಜೆ ಪಾತ್ರೆ ಅವರ ಪಾಲಿಗೆ. ‘ಸರ್, ನೀವು ಬಿಡಿ, ನಾನೇ ತೊಳೀತೀನಿ’ ಎಂದು ತರುಣ ಸಂಕೋಚದಿಂದ ಹೇಳಿದ. ದೂರದಲ್ಲಿದ್ದ ಮೇಷ್ಟ್ರು ಬೇಡ ಎನ್ನುವಂತೆ ತಲೆಯಾಡಿಸಿದರು. ಮುಖ್ಯೋಪಾಧ್ಯಾಯರು ಪ್ಯಾಂಟು ಮಡಚಿ ನಲ್ಲಿಯ ಕೆಳಗೆ ಕೂತರು. ತಳ ಹಿಡಿದ ಅನ್ನದ ಪಾತ್ರೆ ತಿಕ್ಕಿ ಎದ್ದಾಗ ಅವರ ಅಂಗಿಯೆಲ್ಲ ಒದ್ದೆ. ‘ನಮ್ಮ ಶಾಲೆಯಲ್ಲಿ ಮಕ್ಕಳ ಕೈಲಿ ಎಷ್ಟೋ ಕೆಲಸ ಮಾಡಿಸಿದ್ದೀನಿ. ಮಾಡು ಅಂದಾಗ ಅವರಿಗೆ ಹೇಗಾಗಿರುತ್ತೆ ಅಂತ ಇವತ್ತು ಗೊತ್ತಾಯ್ತು’ ಎಂದರು. ಕೊಂಕಿನ ಮಾತಾಗಿರಲಿಲ್ಲ, ಮನಸ್ಸಿನಿಂದಲೇ ಬಂದಿತ್ತು.

ಇಡೀ ತರಬೇತಿಯ ತಿರುಳು ಇದೇ. ಇಲ್ಲಿ ಮಕ್ಕಳ ಬಗ್ಗೆ ಭಾಷಣ ಕಡಿಮೆ. ಮಗುವಾಗಿ ಬದುಕುವ ಅಭ್ಯಾಸ ಹೆಚ್ಚು. ಬೆಳಿಗ್ಗೆ ಸ್ಕೌಟ್ ಸ್ಥಾಪಕ ಬೇಡನ್ ಪೊವೆಲ್ ಹೆಸರಿನ ‘ಬಿ.ಪಿ. ಸಿಕ್ಸ್’ ವ್ಯಾಯಾಮ, ಆಮೇಲೆ ಹಾಸಿಗೆ, ತಟ್ಟೆ, ಉಗುರಿನವರೆಗೂ ತಪಾಸಣೆ, ಧ್ವಜಾರೋಹಣ, ಪಾಠ, ಆಟ, ರಾತ್ರಿ ಕ್ಯಾಂಪ್ ಫೈರ್. ಮಕ್ಕಳ ಶಿಬಿರದಲ್ಲಿ ನಡೆಯುವುದೆಲ್ಲ ಇಲ್ಲಿಯೂ ನಡೆಯಬೇಕು. ಒಂದು ದಿನ ದಿಕ್ಸೂಚಿ ಹಿಡಿದು, ದಾರಿಯಲ್ಲಿ ಕಲ್ಲು ಕಡ್ಡಿಗಳಿಂದ ಮಾಡಿಟ್ಟ ಗುರುತು ಹುಡುಕುತ್ತ ಹೈಕ್ ಹೋಗಬೇಕು. ಎಲ್ಲವನ್ನೂ ಲಾಗ್ ಬುಕ್‌ನಲ್ಲಿ ಬರೆಯಬೇಕು.

ಸೀಟಿಯ ಪಾಠವಂತೂ ನನಗೆ ತುಂಬ ಹಿಡಿಸಿತು. ಒಂದು ಉದ್ದನೆಯ ಸೀಟಿ ಕೇಳಿದರೆ ಸದ್ದಡಗಿಸಿ ಗಮನ ಕೊಡಬೇಕು. ಬಿಟ್ಟುಬಿಟ್ಟು ಚಿಕ್ಕ ಚಿಕ್ಕ ಸೀಟಿ ಬಂದರೆ ಓಡಿಬಂದು ಸೇರಬೇಕು. ಮೂರು ಚಿಕ್ಕದು, ಕೊನೆಗೊಂದು ಉದ್ದ ಎಂದರೆ ತಂಡದ ನಾಯಕರು ಮಾತ್ರ ಬರಬೇಕು. ಸ್ಕೌಟ್ ದಳದಲ್ಲಿ ಮೂವತ್ತೆರಡು ಮಕ್ಕಳಿದ್ದರೂ ಮಾಸ್ಟರ್ ಸೂಚನೆ ಕೊಡುವುದು ನಾಲ್ವರು ನಾಯಕರಿಗೆ. ಉಳಿದವರಿಗೆ ಹೇಳುವುದು ಆ ನಾಲ್ವರ ಹೊಣೆ. ದಳದ ತೀರ್ಮಾನಗಳೂ ನಾಯಕರು ಕೂರುವ ಕೋರ್ಟ್ ಆಫ್ ಆನರ್‌ನಲ್ಲೇ ಆಗಬೇಕು. ದೊಡ್ಡವರು ಅಲ್ಲಿ ಸಲಹೆಗಾರರು. ‘ಇದೇ ನಮ್ಮ ಮೇಷ್ಟ್ರುಗಳಿಗೆ ಎಲ್ಲಕ್ಕಿಂತ ಕಷ್ಟ’ ಎಂದರು ಹಿರಿಯರು. ‘ಬಾಯಿ ಮುಚ್ಚಿಕೊಂಡಿರೋದನ್ನ ಯಾವ ಬಿ.ಎಡ್‌ನಲ್ಲೂ ಕಲಿಸಿರಲ್ಲ.’

ಒಂದು ಗಂಟಿನ ಪಾಠ

ಮಧ್ಯಾಹ್ನ ಗ್ಯಾಜೆಟ್ ಕಟ್ಟುವ ಕೆಲಸ. ಬಿದಿರು ಮತ್ತು ಹಗ್ಗ ಮಾತ್ರ, ಒಂದು ಮೊಳೆಯೂ ಇಲ್ಲ. ಅದರಲ್ಲೇ ಚಪ್ಪಲಿ ಸ್ಟ್ಯಾಂಡು, ತಟ್ಟೆ ಇಡುವ ಅಟ್ಟಣೆ ಕಟ್ಟಬೇಕು. ನಿಂತ ಗಳಕ್ಕೆ ಮೊದಲು ಕ್ಲೋವ್ ಹಿಚ್ ಗಂಟು, ಅಡ್ಡ ಗಳ ಸೇರಿಸಿ ಮೂರು ಸುತ್ತು, ಎರಡು ಗಳಗಳ ನಡುವೆ ಹಗ್ಗ ತೂರಿಸಿ ಎರಡು ಬಿಗಿ ಸುತ್ತು, ಕೊನೆಗೆ ಅಡ್ಡ ಗಳಕ್ಕೆ ಮತ್ತೆ ಕ್ಲೋವ್ ಹಿಚ್. ಕೇಳಲು ಸುಲಭ.

ದಪ್ಪ ಬೆರಳಿನ ಶಿಕ್ಷಕರೊಬ್ಬರಿಗೆ ಆ ಮೊದಲ ಗಂಟೇ ಒಲಿಯಲಿಲ್ಲ. ಹಾಕಿದರು, ಬಿಚ್ಚಿತು. ಮತ್ತೆ ಹಾಕಿದರು, ಜಾರಿತು. ಪಕ್ಕದ ತಂಡದವರು ಆಗಲೇ ಸ್ಟ್ಯಾಂಡು ನಿಲ್ಲಿಸಿ ತಂಡದ ಘೋಷಣೆಯಾದ ಯೆಲ್ ಕೂಗುತ್ತಿದ್ದರು. ಇವರ ಮುಖ ಕೆಂಪಾಯಿತು. ಮೇಷ್ಟ್ರು ಎರಡು ಮಾರು ದೂರದಲ್ಲೇ ನಿಂತಿದ್ದರೂ ಕೈ ಹಾಕಲಿಲ್ಲ. ನನಗೇ ತಡೆಯಲಾಗದೆ ಅವರ ಮುಖ ನೋಡಿದೆ. ‘ಇರಲಿ, ಇನ್ನೂ ಕೇಳಿಲ್ಲ ಅವರು’ ಎಂದರು.

ಸ್ವಲ್ಪ ಹೊತ್ತಿನ ಮೇಲೆ ಅದೇ ತಂಡದ ಇನ್ನೊಬ್ಬರು ಬಂದು ಪಕ್ಕದಲ್ಲಿ ನಿಂತು ಮಾತಿಲ್ಲದೆ ನಿಧಾನವಾಗಿ ಗಂಟು ಹಾಕಿ ತೋರಿಸಿದರು. ಈ ಸಲ ಗಂಟು ನಿಂತಿತು. ಆಗ ಮೇಷ್ಟ್ರು ಹತ್ತಿರ ಹೋಗಿ ಗಂಟಿನ ಸುದ್ದಿಯನ್ನೇ ಎತ್ತದೆ ಕೇಳಿದರು: ‘ಬರದೇ ಇದ್ದಾಗ ನಿಮಗೆ ಏನನ್ನಿಸ್ತು?’

‘ಎದ್ದು ಹೋಗಿಬಿಡೋಣ ಅನ್ನಿಸ್ತು ಸರ್.’

‘ಲೆಕ್ಕ ಬರದ ಹುಡುಗನಿಗೂ ಹಾಗೇ ಅನ್ನಿಸೋದು. ಅವನು ಎದ್ದು ಹೋಗೋ ಹಾಗಿಲ್ಲ ಅಷ್ಟೆ. ಊರಿಗೆ ಹೋದಮೇಲೆ ಕ್ಲೋವ್ ಹಿಚ್ ಮರೆತರೂ ಪರವಾಗಿಲ್ಲ, ಇದನ್ನ ಮರೀಬೇಡಿ.’

ಮಣಿಗಳು ಬಂದ ದಾರಿ

ಸ್ಕೌಟ್ ಚಳವಳಿ ಹುಟ್ಟಿದ್ದು 1907ರ ಆಗಸ್ಟ್‌ನಲ್ಲಿ. ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ಇಪ್ಪತ್ತು ಹುಡುಗರೊಂದಿಗೆ ಶಿಬಿರ ನಡೆಸಿದರು. ಮರುವರ್ಷ ಅವರ ‘ಸ್ಕೌಟಿಂಗ್ ಫಾರ್ ಬಾಯ್ಸ್’ ಪುಸ್ತಕ ಬಂದದ್ದೇ ತಡ, ಹುಡುಗರು ತಾವೇ ತಂಡ ಕಟ್ಟಿಕೊಂಡು ದೊಡ್ಡವರನ್ನು ಹುಡುಕತೊಡಗಿದರು. ಮಕ್ಕಳು ಬೇಕಾದಷ್ಟಿದ್ದರು, ಅವರನ್ನು ನಡೆಸಬಲ್ಲ ದೊಡ್ಡವರ ಕೊರತೆ ಆಗಿನಿಂದಲೇ ಶುರುವಾಯಿತು.

1919ರಲ್ಲಿ ಡಬ್ಲ್ಯು. ಎಫ್. ಡಿ ಬೋಯಿಸ್ ಮ್ಯಾಕ್ಲರೆನ್ ಎಂಬ ದಾನಿ ಲಂಡನ್ ಬಳಿಯ ಗಿಲ್‌ವೆಲ್ ಪಾರ್ಕ್ ಕೊಂಡುಕೊಟ್ಟರು. ಅದೇ ವರ್ಷ ಸೆಪ್ಟೆಂಬರ್ 8ರಿಂದ 19ರವರೆಗೆ ಅಲ್ಲಿ ಸ್ಕೌಟ್ ಮಾಸ್ಟರ್‌ಗಳ ಮೊದಲ ತರಬೇತಿ ನಡೆಯಿತು. ಆಗಲೂ ದೊಡ್ಡವರು ತಂಡಗಳಾಗಿ ಹುಡುಗರ ಹಾಗೆಯೇ ಇದ್ದರು. ತರಬೇತಿ ಮುಗಿಸಿದವರಿಗೆ ಕಾಗದದ ಸರ್ಟಿಫಿಕೇಟಿಗಿಂತ ಬೇರೇನಾದರೂ ಕೊಡಬೇಕೆನಿಸಿ ಬೇಡನ್ ಪೊವೆಲ್ ತಮ್ಮ ಬಳಿಯಿದ್ದ ಮಣಿಹಾರವೊಂದನ್ನು ಬಿಚ್ಚಿದರು. ಅದು ಆಫ್ರಿಕದ ಜುಲು ದೊರೆ ದಿನುಜುಲುವಿನದೆಂದು, 1888ರ ದಂಡಯಾತ್ರೆಯಲ್ಲಿ ತಮಗೆ ಸಿಕ್ಕಿತೆಂದು ಅವರು ಹೇಳುತ್ತಿದ್ದರು. ಇಂದು ಕೊಡುವುದು ಅದರ ಮಾದರಿಯ ಮಣಿಗಳನ್ನು. ಆ ಹಾರ ವಸಾಹತುಶಾಹಿ ಯುದ್ಧದಲ್ಲಿ ಸೋತವರ ಕೊರಳಿನ ಆಭರಣ ಎಂಬುದನ್ನು ಮೇಷ್ಟ್ರು ಶಿಬಿರಾರ್ಥಿಗಳಿಂದ ಮುಚ್ಚಿಡುವುದಿಲ್ಲ. ‘ಅದನ್ನೂ ಹೇಳಬೇಕು. ಇತಿಹಾಸ ಅರ್ಧ ಹೇಳಿದರೆ ಮಕ್ಕಳಿಗೂ ಅರ್ಧವೇ ಹೋಗುತ್ತೆ’ ಎನ್ನುತ್ತಾರೆ.

ನಮ್ಮ ನೆಲಕ್ಕೆ ಸ್ಕೌಟ್ ಬಂದದ್ದು ಬಹಳ ಬೇಗ. 1909ರಲ್ಲಿ ಕ್ಯಾಪ್ಟನ್ ಟಿ. ಎಚ್. ಬೇಕರ್ ಬೆಂಗಳೂರಿನಲ್ಲೇ ದೇಶದ ಮೊದಲ ದಳ ಕಟ್ಟಿದರು. ಆದರೆ ಆರಂಭದ ದಳಗಳು ಬಿಳಿಯರ, ಆಂಗ್ಲೋ ಇಂಡಿಯನ್ನರ ಮಕ್ಕಳಿಗೆ ಮೀಸಲಾಗಿದ್ದವು. ಭಾರತೀಯ ಮಕ್ಕಳಿಗಾಗಿ 1917ರಲ್ಲಿ ಮದರಾಸಿನಲ್ಲಿ ಸಂಘ ಕಟ್ಟಿದವರು ಅನಿಬೆಸೆಂಟ್. ದೊಡ್ಡಬಳ್ಳಾಪುರದ ಕೇಂದ್ರಕ್ಕೆ ಅವರ ಹೆಸರಿರುವುದು ನ್ಯಾಯವಾಗಿಯೇ ಇದೆ. ಸ್ವಾತಂತ್ರ್ಯಾನಂತರ 1950ರ ನವೆಂಬರ್ 7ರಂದು ಬೇರೆ ಬೇರೆ ಸಂಘಗಳು ಸೇರಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು. ಮರುವರ್ಷ ಗೈಡ್ಸ್ ಕೂಡಿಕೊಂಡರು. ನಮ್ಮ ರಾಜ್ಯದಲ್ಲಿ ಸಂಸ್ಥೆಯನ್ನು ಬೆಳೆಸಿದವರಲ್ಲಿ ಕೊಂಡಜ್ಜಿ ಬಸಪ್ಪನವರದು ದೊಡ್ಡ ಹೆಸರು. ಬೆಂಗಳೂರಿನ ಅರಮನೆ ರಸ್ತೆಯ ಕಚೇರಿಯ ಸಭಾಂಗಣಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ.

ಮೂಲ ತರಬೇತಿ ಮುಗಿದ ಕೂಡಲೇ ಮಣಿ ಸಿಗುವುದಿಲ್ಲ. ಊರಿಗೆ ಹೋಗಿ ದಳ ನಡೆಸಬೇಕು, ಆಮೇಲೆ ಉನ್ನತ ತರಬೇತಿ, ಮತ್ತೆ ದಳದ ಕೆಲಸ, ಅನಂತರ ಹಿಮಾಲಯ ವುಡ್ ಬ್ಯಾಡ್ಜ್. ಮಧ್ಯಪ್ರದೇಶದ ಪಚ್‌ಮಢಿಯಲ್ಲಿ ರಾಷ್ಟ್ರೀಯ ತರಬೇತಿ ಕೇಂದ್ರವಿದೆ. ಕಲಿತದ್ದನ್ನು ಮಕ್ಕಳ ನಡುವೆ ಮಾಡಿ ತೋರಿಸದೆ ಮುಂದಿನ ಮೆಟ್ಟಿಲಿಲ್ಲ ಎಂಬ ಈ ಕಟ್ಟಳೆ ನನಗೆ ಬಹಳ ದೊಡ್ಡದಾಗಿ ಕಂಡಿತು.

ಪ್ರೀತಿಯೊಂದೇ ಸಾಲದು

ಕಳೆದ ಕೆಲವು ವರ್ಷಗಳಲ್ಲಿ ತರಬೇತಿಗೆ ಸೇರಿರುವ ಮುಖ್ಯ ಪಾಠ ಮಕ್ಕಳ ಸುರಕ್ಷತೆಯದು. ವಿಶ್ವ ಸ್ಕೌಟ್ ಸಂಸ್ಥೆಯ ‘ಸೇಫ್ ಫ್ರಂ ಹಾರ್ಮ್’ ಎಂಬ ಕಾರ್ಯಕ್ರಮ ಇದಕ್ಕಾಗಿಯೇ ಇದೆ. ದೊಡ್ಡವರು ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿ ಇರಬಾರದು. ಹೆಣ್ಣುಮಕ್ಕಳ ಶಿಬಿರಕ್ಕೆ ಮಹಿಳಾ ನಾಯಕಿ ಇರಲೇಬೇಕು. ಹೊಡೆಯುವುದು, ಹೀಯಾಳಿಸುವುದು ಎರಡೂ ಸಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಇದನ್ನೇ ಹೇಳುತ್ತದೆ. ಮಗು ತನಗಾದ ತೊಂದರೆ ಹೇಳಿಕೊಂಡರೆ ಅದನ್ನು ಒಳಗೊಳಗೇ ಮುಚ್ಚಿಹಾಕದೆ ದೂರು ಕೊಡಬೇಕು. ಲೈಂಗಿಕ ದೌರ್ಜನ್ಯವಾಗಿದ್ದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಅದು ಕರ್ತವ್ಯ. ‘ನಾವು ಒಳ್ಳೆಯವರೇ, ನಮಗೇಕೆ ಇದೆಲ್ಲ’ ಎಂದವರಿಗೆ ಮೇಷ್ಟ್ರ ಉತ್ತರ: ‘ಒಳ್ಳೆಯವರಿಗೆ ನಿಯಮದಿಂದ ನಷ್ಟವಿಲ್ಲ. ಕೆಟ್ಟವರಿಗೆ ಮಾತ್ರ ಜಾಗ ಸಿಗೋದಿಲ್ಲ.’

ದಳ ಉಳಿಯಬೇಕಾದರೆ

ಕಷ್ಟ ಇರುವುದು ಶಿಬಿರ ಮುಗಿದ ಮೇಲೆ. ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಶಾಲಾ ಶಿಕ್ಷಕರು. ಓ.ಓ.ಡಿ. (ಅನ್ಯ ಕಾರ್ಯ ನಿಮಿತ್ತ) ಮೇಲೆ ಏಳು ದಿನ ಬಂದು ಹುರುಪಿನಿಂದ ಹಿಂದಿರುಗುತ್ತಾರೆ. ಅಲ್ಲಿ ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಗಣತಿ, ಚುನಾವಣೆಯ ಕೆಲಸ ಕಾದಿರುತ್ತವೆ. ವಾರಕ್ಕೊಂದು ಗಂಟೆ ದಳಕ್ಕೆ ಕೊಡುವುದೂ ಕಷ್ಟ. ಹೇಗೋ ಎರಡು ವರ್ಷ ಕಟ್ಟಿ ನಿಲ್ಲಿಸಿದರೆ ವರ್ಗಾವಣೆ ಆಗುತ್ತದೆ. ಹೊಸಬರಿಗೆ ತರಬೇತಿ ಆಗಿರುವುದಿಲ್ಲ. ಸಮವಸ್ತ್ರ ಬೀರು ಸೇರುತ್ತದೆ, ದಳದ ಧ್ವಜ ಹೆಡ್‌ಮಾಸ್ಟರ ಕೋಣೆಯ ಮೂಲೆಯಲ್ಲಿ ನಿಲ್ಲುತ್ತದೆ. ಹಾಗೆ ನಿಂತುಹೋದ ದಳಗಳ ಹೆಸರನ್ನು ಮೇಷ್ಟ್ರು ಸತ್ತ ನೆಂಟರ ಹೆಸರು ಹೇಳುವಂತೆ ಒಂದೊಂದಾಗಿ ಹೇಳಿದರು.

ಕೆಲವರನ್ನು ಬಲವಂತವಾಗಿ ಕಳಿಸುವುದೂ ಉಂಟು. ‘ನಿಮ್ಮ ಶಾಲೆಯಿಂದ ಒಬ್ಬರು’ ಎಂಬ ಪತ್ರ ಬಂದಾಗ ಕಿರಿಯರ ಹೆಸರು ಬರೆದುಬಿಡುತ್ತಾರೆ. ಅಂಥವರಲ್ಲೂ ಮೂರನೆಯ ದಿನಕ್ಕೆ ಬದಲಾಗುವವರಿದ್ದಾರೆ ಎಂಬುದು ಮೇಷ್ಟ್ರ ಅನುಭವ. ಆದರೆ ಸ್ವಯಂಸೇವೆ ಆದೇಶದಿಂದ ಬಹಳ ದಿನ ನಡೆಯುವಂಥದ್ದಲ್ಲ.

ಶಿಕ್ಷಕರ ಹೆಗಲಿಗೇ ಎಲ್ಲ ಹೊರಿಸುವುದನ್ನು ನಾವು ಬಿಡಬೇಕು. ಸ್ಕೌಟ್ ಮಾಸ್ಟರ್ ಶಿಕ್ಷಕನೇ ಆಗಿರಬೇಕೆಂದಿಲ್ಲ. ಶಾಲೆಯ ಹೊರಗೆ ಬಡಾವಣೆಗಳಲ್ಲಿ, ಹಳ್ಳಿಗಳಲ್ಲಿ ನಡೆಸಬಹುದಾದ ಮುಕ್ತ ದಳಗಳಿಗೂ ಸಂಸ್ಥೆಯಲ್ಲಿ ಅವಕಾಶವಿದೆ. ಬ್ಯಾಂಕಿನಿಂದ ನಿವೃತ್ತರಾದವರು, ಅಂಗಡಿ ನಡೆಸುವವರು, ಮಕ್ಕಳು ದೊಡ್ಡವರಾಗಿ ಮನೆ ಬಿಟ್ಟುಹೋದ ತಾಯಂದಿರು, ಹಿಂದೆ ಸಂಸ್ಥೆಯ ಯುವ ವಿಭಾಗಗಳಲ್ಲಿ ರೋವರ್, ರೇಂಜರ್ ಆಗಿದ್ದ ತರುಣ ತರುಣಿಯರು ಇದಕ್ಕೆ ಬೇಕು. ಅಂಥವರ ದಳ ವರ್ಗಾವಣೆಯ ಪತ್ರಕ್ಕೆ ಹೆದರಬೇಕಾಗಿಲ್ಲ.

ಇದನ್ನು ಓದುವ ನಿಮ್ಮಲ್ಲಿ ಯಾರಿಗಾದರೂ ವಾರದಲ್ಲಿ ಎರಡು ಗಂಟೆ ಬಿಡುವಿದ್ದರೆ ನಿಮ್ಮ ಜಿಲ್ಲೆಯ ಸ್ಕೌಟ್ಸ್ ಮತ್ತು ಗೈಡ್ಸ್ ಕಚೇರಿಗೆ ಒಮ್ಮೆ ಹೋಗಿ, ಮುಂದಿನ ಮೂಲ ತರಬೇತಿ ಯಾವಾಗ ಎಂದು ಕೇಳಿ. ಹಾಡಲು, ಓಡಲು, ಗಂಟು ಹಾಕಲು ಬರಬೇಕೆಂದೇನಿಲ್ಲ; ಅದನ್ನೆಲ್ಲ ಅವರು ಕಲಿಸುತ್ತಾರೆ. ಮಕ್ಕಳ ಮಾತಿಗೆ ಕಿವಿಗೊಡುವ ತಾಳ್ಮೆಯನ್ನು ಮಾತ್ರ ನೀವೇ ತೆಗೆದುಕೊಂಡು ಹೋಗಬೇಕು.