ಹಳೆಯ ಗಾಡಿಯೊಳಗೊಂದು ಹೊಸ ಮನೆ

ಕೊಲ್ಲಾರಿ ಬಂಡಿ ಕಟ್ಟಿಕೊಂಡು ಜಾತ್ರೆಗೆ ಹೊರಡುತ್ತಿದ್ದ ಕಾಲವನ್ನು ಕಂಡ ಹಿರಿಯರಿಗೆ ಗಾಲಿಗಳ ಮೇಲಿನ ಮನೆಯೆಂಬ ಕಲ್ಪನೆ ಅಪರಿಚಿತವಲ್ಲ. ಜರ್ಮನಿಯ ಜನ ಆ ಸುಖವನ್ನು ಮೋಟಾರು ವಾಹನಕ್ಕೆ ಅಳವಡಿಸಿಕೊಂಡು ಏಳು ದಶಕಗಳು ಸಂದಿವೆ. ಫೋಕ್ಸ್‌ವ್ಯಾಗನ್ ಕಂಪನಿಯ ಸಣ್ಣ ಬಸ್ಸು 1950ರಲ್ಲಿ ತಯಾರಾಗತೊಡಗಿತು. ಮರುವರ್ಷವೇ ವೆಸ್ಟ್‌ಫಾಲಿಯಾ ಎಂಬ ಸಂಸ್ಥೆಯು ಅದರೊಳಗೆ ಕೂರಿಸಬಹುದಾದ ಪೀಠೋಪಕರಣಗಳನ್ನು ಹೊರತಂದಿತು.

ಹ್ಯಾನೋವರ್ ನಗರದಲ್ಲಿ ನೆಲೆಸಿರುವ ನನ್ನ ತಮ್ಮ ಕೊಂಡದ್ದು 1986ರ ಗಾಡಿಯನ್ನು. ಮೇಲಕ್ಕೆತ್ತಬಹುದಾದ ಛಾವಣಿ, ಎರಡು ಉರಿಯ ಒಲೆ, ಪುಟ್ಟ ತಂಪುಪೆಟ್ಟಿಗೆ. ಹಿಂಬದಿಯ ಹಾಸಿಗೆಯ ಕೆಳಗೇ ಎಂಜಿನ್. ಒಂದು ಬೇಸಿಗೆಯಲ್ಲಿ ನಾನು ಅಲ್ಲಿಗೆ ಹೋದಾಗ, ಒಳಭಾಗವನ್ನು ನಾವೇ ನವೀಕರಿಸೋಣವೆಂದು ನಿಶ್ಚಯಿಸಿದೆವು. ಹೊಸ ಪರದೆ, ಹೊಸ ಮೆತ್ತೆ, ಗೋಡೆಗೆ ತಿಳಿಬಣ್ಣ: ನಮ್ಮ ಪಟ್ಟಿ ಇಷ್ಟೇ ಆಗಿತ್ತು.

ಗೋಡೆಯ ಹಲಗೆಯನ್ನು ಬಿಚ್ಚಿದಾಗ ಪಟ್ಟಿ ಬದಲಾಯಿತು. ಹಿಂದಿನ ಮಾಲೀಕರಾರೋ ತುಂಬಿಸಿದ್ದ ಗಾಜಿನ ಉಣ್ಣೆ ಹಿಂಡಿದರೆ ನೀರಿಳಿಯುವಷ್ಟು ತೊಯ್ದಿತ್ತು. ಅದರ ಹಿಂದೆ ತಗಡಿನ ಬೆಸುಗೆಗಳೆಲ್ಲ ತುಕ್ಕು ಹಿಡಿದಿದ್ದವು. ಮಳೆಯ ನೀರಲ್ಲ ಅದು. ಒಳಗೆ ಮಲಗಿದವರ ಉಸಿರು, ಕುದಿಯುವ ಪಾತ್ರೆಯ ಹಬೆ, ಚಳಿಯ ರಾತ್ರಿ ತಣ್ಣನೆಯ ತಗಡಿಗೆ ತಾಗಿ ಹನಿಗಟ್ಟುತ್ತವೆ. ಉಣ್ಣೆಯು ಅದನ್ನು ಹೀರಿ ಒಣಗದಂತೆ ಹಿಡಿದಿಡುತ್ತದೆ. ಹಳೆಯ ಗಾಡಿಯನ್ನು ಕೊಂಡವರು ಅಲಂಕಾರಕ್ಕೆ ಮೊದಲು ಹಲಗೆಗಳನ್ನು ಬಿಚ್ಚಿ ನೋಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ತುಕ್ಕನ್ನು ಕೆರೆದು, ತುಕ್ಕುನಿರೋಧಕ ಲೇಪ ಹಚ್ಚಿ, ಬಣ್ಣ ಬಳಿದೆವು. ಬೆಸುಗೆಗಳ ಪೊಳ್ಳಿಗೆ ಮೇಣವನ್ನು ಸಿಂಪಡಿಸಿದೆವು. ಉಣ್ಣೆಗೆ ಬದಲಾಗಿ ನೀರು ಹೀರದ ರಬ್ಬರ್ ಫೋಮ್ ಹಾಳೆಗಳನ್ನು ಎಲ್ಲಿಯೂ ಎಡೆಯುಳಿಯದಂತೆ ತಗಡಿಗೇ ಅಂಟಿಸಿದೆವು. ಬಾಗಿಲುಗಳ ತಳದಲ್ಲಿ ನೀರಿಳಿಯಲೆಂದು ಬಿಟ್ಟಿರುವ ಸಣ್ಣ ರಂಧ್ರಗಳನ್ನು ಮಾತ್ರ ಮುಚ್ಚಲಿಲ್ಲ. ಕಪಾಟಿನ ಹೊಸ ಹಲಗೆಗೆ ಹಗುರವಾದ ಪಾಪ್ಲರ್ ಪ್ಲೈವುಡ್ ಒಳ್ಳೆಯದು. 18 ಮಿಲಿಮೀಟರ್ ದಪ್ಪದ ಮರದ ಪುಡಿಯ ಹಲಗೆ ಚದರ ಮೀಟರಿಗೆ ಸುಮಾರು 12 ಕಿಲೋ ತೂಗಿದರೆ, 9 ಮಿಲಿಮೀಟರಿನ ಈ ಪ್ಲೈವುಡ್ಡು 4 ಕಿಲೋವಿನ ಆಸುಪಾಸಿನಲ್ಲಿರುತ್ತದೆ. ದೀಪಗಳಿಗೆ ಎಲ್‌ಇಡಿ, ಪ್ರತ್ಯೇಕವಾದೊಂದು ಬ್ಯಾಟರಿ, ಅದರ ಬಳಿಯಲ್ಲೇ ಫ್ಯೂಸು. ವಿದ್ಯುತ್ತಿನ ಕೆಲಸ ಅಷ್ಟಕ್ಕೇ ಮುಗಿಯಿತು. ಪರದೆಗಳನ್ನು ತಮ್ಮನ ಪತ್ನಿ ಹೊಲಿದಳು. ಒಗ್ಗರಣೆಯ ಹೊಗೆ ಛಾವಣಿಯ ಬಟ್ಟೆಗೆ ಹತ್ತಿದರೆ ವರ್ಷಗಟ್ಟಲೆ ಬಿಡದೆಂದು ಆಕೆ ಒಗ್ಗರಣೆಯನ್ನು ಗಾಡಿಯಿಂದಲೇ ಬಹಿಷ್ಕರಿಸಿದ್ದಾಳೆ!

ಬಿಚ್ಚಿದ ಮೂಲ ಹಲಗೆಗಳನ್ನು ಎಸೆಯದೆ ಇಟ್ಟಿದ್ದೇವೆ. ಜರ್ಮನಿಯಲ್ಲಿ 30 ವರ್ಷ ದಾಟಿದ ವಾಹನವು ಮೂಲರೂಪವನ್ನು ಬಹುಮಟ್ಟಿಗೆ ಉಳಿಸಿಕೊಂಡಿದ್ದರೆ ಅದಕ್ಕೆ ಐತಿಹಾಸಿಕ ವಾಹನದ ವಿಶೇಷ ಫಲಕ ದೊರೆಯುತ್ತದೆ.

ನೆಲಕ್ಕೆ ಲಿನೋಲಿಯಂ ಹಾಸಿದವನು ನಾನು. ಅಂದವಾಗಿ ಕಾಣಲೆಂದು ಅನಿಲದ ಸಿಲಿಂಡರ್ ಇರುವ ಕಪಾಟಿನೊಳಗೂ ಮೂಲೆಮೂಲೆಗೆ ಹೊಂದುವಂತೆ ಕತ್ತರಿಸಿ ಅಂಟಿಸಿದೆ. ಅಲ್ಲಿ ಎರಡು ವರ್ಷಗಳಿಗೊಮ್ಮೆ ಇಂತಹ ಗಾಡಿಗಳ ಅನಿಲ ವ್ಯವಸ್ಥೆಯನ್ನು ಅರ್ಹ ಪರೀಕ್ಷಕರಿಗೆ ತೋರಿಸಬೇಕು. ಬಂದ ಪರೀಕ್ಷಕರು ಒಲೆಯನ್ನಾಗಲಿ ಕೊಳವೆಯನ್ನಾಗಲಿ ಮೊದಲು ನೋಡಲಿಲ್ಲ. ಕಪಾಟಿನ ತಳವನ್ನು ಬೆರಳಿನಿಂದ ಸವರಿದರು. ಅಲ್ಲೊಂದು ರಂಧ್ರವಿರಬೇಕಿತ್ತು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಕೆಳಗೆ ಇಳಿದು, ಆ ರಂಧ್ರದ ಮೂಲಕ ಗಾಡಿಯ ಅಡಿಗೆ ಹೊರಟುಹೋಗಬೇಕು. ಅದನ್ನು ನಾನು ನನ್ನ ಕೈಯಾರೆ ಮುಚ್ಚಿದ್ದೆ. ಹಿಂದಿನ ವಾರವಷ್ಟೇ ತಮ್ಮನ ಇಬ್ಬರು ಮಕ್ಕಳು ಅದೇ ಗಾಡಿಯ ಮೇಲಂತಸ್ತಿನಲ್ಲಿ ಮಲಗಿ ಎರಡು ರಾತ್ರಿ ಕಳೆದಿದ್ದರು.

ಪರೀಕ್ಷಕರು ಗದರಲಿಲ್ಲ. ಚಾಕು ಕೇಳಿ ಪಡೆದು ನನ್ನ ಕೈಗೇ ಕೊಟ್ಟರು. ಲಿನೋಲಿಯಂ ಕತ್ತರಿಸಿ ತೆಗೆದೆ. ಕೆಳಗೆ ರಸ್ತೆಯ ಡಾಂಬರು ಕಂಡಿತು. ಒಲೆಯ ಉರಿಯಿಂದ ಹುಟ್ಟಬಹುದಾದ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲವೆಂದು ತಿಳಿಸಿ, ಅದನ್ನು ಪತ್ತೆಹಚ್ಚುವ ಎಚ್ಚರಿಕೆಯ ಗಂಟೆಯನ್ನೂ ಕೂರಿಸಲು ಹೇಳಿ ಹೋದರು. ಆ ಸಂಜೆಯೇ ಅದನ್ನು ತಂದೆವು. ಹೊಸ ಬಣ್ಣದ ಗೋಡೆಗೆ ತಿರುಪು ಹಾಕುವಾಗ ತಮ್ಮನ ಪತ್ನಿಯೂ ಬೇಡವೆನ್ನಲಿಲ್ಲ.